ಗದ್ದ ಎತ್ತಿದ ಕಡಲಹಕ್ಕಿ

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ಮಂಗಳವಾರ, ಏಳು ಸಮುದ್ರದಾಚೆ ಅಲ್ಲ, ಒಂದೇ ಸಮುದ್ರದ ಈಚೆ, ಒಬ್ಬ ಫೋಟೋದವನಿದ್ದ. ಇಪ್ಪತ್ತು ವರ್ಷ ಪಾಸ್‌ಪೋರ್ಟ್ ಅಳತೆಯ ಮುಖಗಳನ್ನೇ ತೆಗೆದವನು. ಈಗ ಎಲ್ಲರ ಕೈಗೂ ಫೋನು ಬಂದು, ಅವನ ಸ್ಟೂಲಿನ ಮೇಲೆ ಧೂಳು ಬಿಟ್ಟರೆ ಬೇರಾರೂ ಕೂರುತ್ತಿರಲಿಲ್ಲ.

ಪಕ್ಷಿಧಾಮದ ಕಚೇರಿಯಲ್ಲಿ ಫೋಟೋ ತೆಗೆಯುವ ಕೆಲಸವೊಂದು ಖಾಲಿಯಿತ್ತು. “ಸಂಜೆ ಐದರೊಳಗೆ ಕೆಂಪುಕಾಲಿನ ಕಡಲಹಕ್ಕಿಯ ಫೋಟೋ ತನ್ನಿ. ಬಯಲಲ್ಲೇ ತೆಗೆದದ್ದಿರಬೇಕು. ಕೆಲಸ ನಿಮ್ಮದೇ,” ಎಂದಿದ್ದರು ಅಲ್ಲಿನ ಮೇಡಂ.

“ಕತ್ತಲಾಗೋದ್ರೊಳಗೆ ನನ್ನ ಫೋಟೋ ಆ ಕಚೇರಿ ಗೋಡೆ ಮೇಲಿರತ್ತೆ, ನೋಡ್ತಿರು!” ಎಂದು ಹೆಂಡತಿಗೆ ಮಾತು ಕೊಟ್ಟ.

“ಮೊದ್ಲು ಬ್ಯಾಟರಿ ಚಾರ್ಜ್ ಮಾಡ್ಕೊಳ್ಳಿ,” ಎಂದಳು ಅವಳು. ಮರೆತ.

ಸುದ್ದಿ ಪಕ್ಕದಂಗಡಿಯ ಕ್ಷೌರಿಕನ ಕಿವಿಗೆ ಬಿತ್ತು. ಗಿರಾಕಿಗಳಿಗೆ ಹೊದಿಸುವ ಬಿಳಿ ಬಟ್ಟೆ ಹೆಗಲಿಗೇರಿಸಿ ಬೆನ್ನು ಹತ್ತಿದ. “ಇದರ ಹಿಂದೆ ಅಡಗಿ ಕೂತ್ಕೊಳ್ಳಿ ಅಣ್ಣಾ, ಹಕ್ಕಿಗೆ ಗೊತ್ತೇ ಆಗಲ್ಲ.” ಎದುರುಮನೆಯ ದರ್ಜಿ ಅಕ್ಕ ಬ್ರೆಡ್ಡು ಹಿಡಿದು ಬಂದಳು. “ಹೊಟ್ಟೆಗಿಲ್ದೆ ಯಾವ ಹಕ್ಕಿ ಬರತ್ತೋ ತಮ್ಮಾ?”

ಕಡಲತೀರದ ಬಂಡೆಗಳ ಬಳಿ ಬ್ರೆಡ್ಡು ಚೆಲ್ಲಿದ್ದೇ ತಡ, ಊರಿನ ಕಾಗೆಗಳೆಲ್ಲ ಬಂದವು. ಮಧ್ಯಾಹ್ನ ಕೆಂಪುಕಾಲಿನ ಹಕ್ಕಿಯೊಂದು ಇನ್ನೇನು ಬಂಡೆಗಿಳಿಯಬೇಕು, ಕ್ಷೌರಿಕ ಸೀನಿದ. ಹಕ್ಕಿ, ಮಾರ್ಕ್ಸ್ ಕೇಳುವ ನೆಂಟರನ್ನು ಕಂಡ ವಿದ್ಯಾರ್ಥಿಯಂತೆ ಮಾಯವಾಯಿತು.

ನಾಲ್ಕು ಗಂಟೆಗೆ ಬ್ಯಾಟರಿ ಕೊನೆಯುಸಿರೆಳೆಯುತ್ತಿತ್ತು. ಗಾಳಿ ಬಿಳಿ ಬಟ್ಟೆಯನ್ನೂ ಕಿತ್ತೊಯ್ದು ಬಂಡೆಗೆ ಸುತ್ತಿತು. ಅವನು ತಲೆ ಮೇಲೆ ಕೈಹೊತ್ತು ಕೂತ. ಕೆಲಸವೂ ಹೋಯಿತು, ಮಾತೂ ಹೋಯಿತು.

ಆಗ ಬಂತು ಹಕ್ಕಿ. ಅದೇ ಬಟ್ಟೆಯ ಮುಂದೆ ಇಳಿದು ನೆಟ್ಟಗೆ ಅವನನ್ನೇ ನೋಡಿತು.

“ಗದ್ದ ಸ್ವಲ್ಪ ಮೇಲೆ... ಭುಜ ನೇರ... ರೆಪ್ಪೆ ಬಡೀಬೇಡಿ,” ಎಂದಿತು ಅವನ ನಾಲಿಗೆ, ಇಪ್ಪತ್ತು ವರ್ಷದ ಅಭ್ಯಾಸಕ್ಕೆ.

ಅಜ್ಜಿ ಕತೆಯ ಹಕ್ಕಿಯ ಹಾಗೆ ಅದು ಹೇಳಿದ್ದು ಕೇಳಿತು! ಕ್ಲಿಕ್. ಕ್ಯಾಮೆರಾ ಕಣ್ಣು ಮುಚ್ಚಿತು.

ಐದಕ್ಕೆ ಐದು ನಿಮಿಷವಿರುವಾಗ ಮೇಡಂ ಅವನು ಪ್ರಿಂಟು ಹಾಕಿ ತಂದ ಫೋಟೋವನ್ನು ಮೂಗಿನ ಹತ್ತಿರ ಹಿಡಿದರು. “ಹತ್ತಿ ತುಂಬಿದ ಸತ್ತ ಹಕ್ಕಿ. ಹಿಂದೆ ಸ್ಟುಡಿಯೋ ಪರದೆ. ನನ್ನನ್ನೇನು ದಡ್ಡಿ ಅಂದ್ಕೊಂಡ್ರಾ?”

“ಆಣೆಗೂ ಬಂಡೆ ಮೇಲೆ ತೆಗ್ದಿದ್ದು ಮೇಡಂ!”

“ಪರದೆ ಅಲ್ಲ ಮೇಡಂ, ಬಟ್ಟೆ ನಂದೇ!” ಜೊತೆಗೆ ಬಂದಿದ್ದ ಕ್ಷೌರಿಕ ಎದೆಯುಬ್ಬಿಸಿ ಸಾಕ್ಷಿ ನುಡಿದ. “ಅಣ್ಣ ಗದ್ದ ಎತ್ತು ಅಂದ್ರು, ಎತ್ತಿತು. ಕಣ್ಣಾರೆ ನೋಡಿದೀನಿ.”

ಮೇಡಂ ಡ್ರಾಯರಿನಿಂದ ನಾಲ್ಕು ಪಿನ್ನು ತೆಗೆದರು.

ಕತ್ತಲಾಗುವ ಮೊದಲೇ ಫೋಟೋ ಗೋಡೆಗೇರಿತು. ಬಾಗಿಲ ಪಕ್ಕದಲ್ಲೇ, ಹೋಗಿಬರುವವರಿಗೆಲ್ಲ ಕಾಣುವ ಹಾಗೆ. ಕೆಳಗೆ ದಪ್ಪಕ್ಷರದಲ್ಲಿ: “ಇಂಥ ನಕಲಿ ಫೋಟೋ ತರುವವರಿಗೆ ಪ್ರವೇಶವಿಲ್ಲ.”

ಅಂತೂ ಹೆಂಡತಿಗೆ ಕೊಟ್ಟ ಮಾತು ನಡೆಯಿತು.