ಗೀಟಿಲ್ಲದ ಮೂರು ಗಂಟೆ

ಬೆಳಿಗ್ಗೆ ಹನ್ನೊಂದಕ್ಕೆ ಪರದೆಯ ಕಡೆ ಕಣ್ಣು ಹಾಯಿಸಿದ ಆಪರೇಟರು ಹೌಹಾರಿದರು. ನಕ್ಷೆಯ ಮೇಲೆ ಆಗಲೇ ಏಳು ಗೀಟು ಬಿದ್ದಿದ್ದವು.

ಅವರು ನೋಡಿಕೊಳ್ಳುವ ಯಂತ್ರದ ಹೆಸರು ಮಾಸ್ ಸ್ಪೆಕ್ಟ್ರೋಮೀಟರ್. ಕೂದಲಿನಷ್ಟು ತೆಳುವಾದ ಸೂಜಿಯಿಂದ ಔಷಧಿಯನ್ನು ಒಳಕ್ಕೆ ಚಿಮ್ಮಿಸುತ್ತಿದ್ದರೆ ಅದು ಅಣುಗಳನ್ನು ಒಡೆದು, ತೂಗಿ, ಯಾವ ಚೂರು ಯಾವ ಅಣುವಿನದು ಎಂದು ಉದ್ದ ಅಗಲದ ನಕ್ಷೆ ಬರೆದುಕೊಡುತ್ತದೆ. ಬರೆಯುವುದೂ ಸಾವಧಾನವಾಗಿ, ಸಾಲಿನ ಕೆಳಗೆ ಸಾಲು, ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ. ನಿಜವಾದದ್ದು ಚುಕ್ಕಿಯಾಗಿ ಮೂಡುತ್ತದೆ. ಸೂಜಿ ಕೊಂಚ ನಡುಗಿದರೂ ಆ ಸಾಲಿಗೆ ಒಂದು ಗೀಟು. ಇದಕ್ಕೆ ಅವರ ಭಾಷೆಯಲ್ಲಿ ನಾಯ್ಸ್ ಎಂದು ಹೆಸರು. ಕಿವಿಗೆ ಕೇಳುವುದಿಲ್ಲ, ಕಣ್ಣಿಗೆ ಚುಚ್ಚುತ್ತದೆ. ಕಂಪ್ಯೂಟರಿನಲ್ಲಿ ಉಜ್ಜಿ ತೆಗೆಯಬಹುದು, ಆದರೆ ಜಾಸ್ತಿ ಉಜ್ಜಿದರೆ ಗೀಟಿನ ಜೊತೆ ಚುಕ್ಕಿಯೂ ಹೋಗುತ್ತದೆ.

"ನಾಳೆ ನಾಲ್ಕು ಗಂಟೆಗೆ ನಾನೇ ಬಂದು ನೋಡ್ತೀನಿ," ಎಂದು ಹಿಂದಿನ ದಿನ ಹೇಳಿದ್ದರು ಪ್ರಯೋಗಾಲಯದ ಮುಖ್ಯಸ್ಥೆ. "ನಕ್ಷೆ ಶುಭ್ರವಾಗಿದ್ರೆ ನಿಮ್ಮ ಕೆಲಸ ಖಾಯಂ. ಇಲ್ಲಾಂದ್ರೆ ಬೇರೆಯವರನ್ನ ಹುಡುಕ್ಬೇಕಾಗುತ್ತೆ."

ಆಪರೇಟರು ಆರು ವರ್ಷದಿಂದ ತಾತ್ಕಾಲಿಕ. ಖಾಯಂ ಎಂಬ ಪದ ಕಿವಿಗೆ ಬಿದ್ದದ್ದೇ ತಡ, ಅವರ ಅತ್ತೆ ನಿನ್ನೆ ಸಂಜೆಯೇ ಬೀದಿಗೆಲ್ಲ ಡಂಗುರ ಸಾರಿದ್ದರು. ಇನ್ನು ಹಿಂದಕ್ಕೆ ಹೋಗುವಂತಿರಲಿಲ್ಲ.

ಬಾಗಿಲು ತೆರೆಯಿತು. ಸಾಮಾನು ಒದಗಿಸುವ ಸ್ಟೋರಿನವರು ತಲೆ ತೂರಿಸಿದರು. "ಗೀಟು ಕಮ್ಮಿ ಆಯ್ತಾ ಸಾರ್?"

"ಒಳಗೆ ಬರ್ಬೇಡಿ ಅಂದ್ನಲ್ರೀ!" ಆಪರೇಟರು ಎದ್ದು ಓಡಿ, ಅವರನ್ನು ದಬ್ಬಿ, ಬಾಗಿಲು ಹಾಕಿದರು. ಹಿಂದಿರುಗಿ ನೋಡಿದರೆ ಎಂಟನೆಯ ಗೀಟು. "ಬಂದು ಮಾಡಿಟ್ಟು ಹೋದ್ರು ನೋಡಿ," ಎಂದು ಗೋಡೆಗೆ ದೂರು ಹೇಳಿದರು.

ಒಂಬತ್ತನೆಯದು ಗುಡಿಸುವ ಅಕ್ಕನ ಲೆಕ್ಕಕ್ಕೆ ಹೋಯಿತು. ಬೆಕ್ಕಿನ ಹೆಜ್ಜೆಯಲ್ಲಿ ಬಂದು ಕಸದ ಬುಟ್ಟಿ ಎತ್ತಿಕೊಂಡದ್ದಷ್ಟೇ ಅವಳ ತಪ್ಪು. "ಏನಮ್ಮಾ, ನನ್ನ ಹೊಟ್ಟೆ ಮೇಲೆ ಹೊಡೀಬೇಕು ಅಂತಾನೇ ಇದೀಯಾ?" ಎಂದು ಆಪರೇಟರು ಎದ್ದು ಹಾರಿಬಿದ್ದರು. ಅಕ್ಕ ಅವರ ಮುಖವನ್ನೊಮ್ಮೆ ನೋಡಿ, ಬುಟ್ಟಿಯೊಡನೆ ಹೊರಗೆ ಹೋದಳು.

ಸ್ಟೋರಿನವರಿಗೆ ಮಾತ್ರ ಸಮಾಧಾನವಿಲ್ಲ. ಮೇಜಿನ ಕಾಲಿಗೆ ಕಟ್ಟಲು ಸ್ಪಂಜು ತಂದರು, ಬೈಸಿಕೊಂಡರು. ಸ್ಪಂಜು ಸಾಲದೇನೋ ಎಂದು ಹಳೆಯ ಟೈರು ತಂದರು, ಮತ್ತೂ ಬೈಸಿಕೊಂಡರು. ಒಂದು ಗಂಟೆಯ ಹೊತ್ತಿಗೆ ಗೀಟು ಇಪ್ಪತ್ತಮೂರಕ್ಕೇರಿ, ಆಪರೇಟರ ಗಂಟಲು ಬಿದ್ದುಹೋಗಿತ್ತು.

ಅಷ್ಟರಲ್ಲಿ ಬಾಗಿಲಾಚೆಯ ಓಣಿಯಲ್ಲಿ ಯಾರೋ ಡ್ರಮ್ಮು ಉರುಳಿಸಿದರು. ಆಪರೇಟರು ಗುಂಡಿನಂತೆ ಹೊರಗೆ ನುಗ್ಗಿದರು. ಬೆನ್ನ ಹಿಂದೆ ಬಾಗಿಲು ಕ್ಲಿಕ್ ಎಂದಿತು. ತಾನೇ ಬೀಗ ಬೀಳುವ ಬಾಗಿಲು ಅದು. ಬೀಗದ ಕೈ ಒಳಗೆ, ಕೀಬೋರ್ಡಿನ ಪಕ್ಕದಲ್ಲಿ.

ಇನ್ನೊಂದು ಬೀಗದ ಕೈ ಇದ್ದದ್ದು ಮುಖ್ಯಸ್ಥೆಯ ಬಳಿ. ಅವರೋ ನಾಲ್ಕರವರೆಗೆ ಮೀಟಿಂಗಿನಲ್ಲಿ.

"ಭುಜ ಕೊಟ್ಟು ನೂಕಿದ್ರೆ ಬರುತ್ತೆ ಬಿಡಿ," ಎಂದು ಸ್ಟೋರಿನವರು ಬಾಗಿಲಿಗೆ ಧಡಾರನೆ ಅಪ್ಪಳಿಸಿದರು.

"ಬೇಡಪ್ಪಾ! ಒಳಗೆ ಸೂಜಿ ನಡುಗುತ್ತೆ, ನಿನ್ನ ಕಾಲಿಗೆ ಬೀಳ್ತೀನಿ!"

ಸ್ಟೋರಿನವರು ಕೇಳಬೇಕಲ್ಲ. ಮತ್ತೆ ನಾಲ್ಕು ಸಲ ಅಪ್ಪಳಿಸಿದರು, ಸುತ್ತಿಗೆ ಹಿಡಿದು ಬೀಗಕ್ಕೆ ಬಡಿದರು. ಮೇಲಿನ ಗಾಜಿನ ಕಿಂಡಿಗೆ ಏಣಿ ಚಾಚಿದರು. ಏಣಿ ಜಾರಿ ಅಕ್ಕನ ಬಕೆಟ್ಟಿನ ಮೇಲೆ ಬಿದ್ದು ಇಡೀ ಕಟ್ಟಡ ಬೆಚ್ಚಿಬಿದ್ದಿತು. ಆಪರೇಟರು ನೆಲದ ಮೇಲೆ ಕುಕ್ಕರಿಸಿ, ಒಂದೊಂದು ಸದ್ದಿಗೂ ಮನಸ್ಸಿನಲ್ಲೇ ಒಂದೊಂದು ಗೀಟು ಎಣಿಸಿದರು. ನೂರು ದಾಟಿದ ಮೇಲೆ ಲೆಕ್ಕ ಬಿಟ್ಟರು. ಅಳು ಬಂತು.

ಸರಿಯಾಗಿ ನಾಲ್ಕಕ್ಕೆ ಮುಖ್ಯಸ್ಥೆ ಬಂದು ಬಾಗಿಲು ತೆಗೆದರು. ಎಲ್ಲರೂ ಒಳಗೆ ಹೋದರು. ಆಪರೇಟರು ಕಣ್ಣು ಮುಚ್ಚಿಕೊಂಡೇ ನಿಂತರು.

"ಏನ್ರೀ ಇದು!" ಎಂದರು ಮುಖ್ಯಸ್ಥೆ.

ಆಪರೇಟರು ಕಣ್ಣು ಬಿಟ್ಟರು. ನಕ್ಷೆಯ ಮೇಲರ್ಧದಲ್ಲಿ ಗೀಟೋ ಗೀಟು. ಕೆಳಗಿನರ್ಧ ಮಾತ್ರ ಒಗೆದು ಹರವಿದ ಬಟ್ಟೆಯಂತಿತ್ತು, ಅದರ ಮೇಲೆ ಸಣ್ಣ ಸಣ್ಣ ಚುಕ್ಕಿಗಳು ಹೊಳೆಯುತ್ತಿದ್ದವು.

"ಒಂದು ಗಂಟೆಯಿಂದ ಈಚೆಗೆ ಒಂದೇ ಒಂದು ಗೀಟಿಲ್ಲ! ಏನು ಮಾಡಿದ್ರಿ?"

"ಅದು... ಸ್ವಲ್ಪ ಸೂಕ್ಷ್ಮವಾದ ವಿಧಾನ ಮೇಡಂ," ಎಂದರು ಆಪರೇಟರು, ಹೋದ ಜೀವ ಮರಳಿ ಬಂದವರಂತೆ.

"ಏನೂ ಮಾಡ್ಲಿಲ್ಲ ಮೇಡಂ," ಎಂದಳು ಅಕ್ಕ. "ಒಂದು ಗಂಟೆಯಿಂದ ಹೊರಗೇ ಇದ್ರು. ಬೀಗ ಬಿದ್ದಿತ್ತು."

"ನಾವು ಬಾಗಿಲು ಮುರಿಯೋ ಹಾಗೆ ಗುದ್ದಿದ್ವಿ," ಎಂದು ಸ್ಟೋರಿನವರೂ ಹೆಮ್ಮೆಯಿಂದ ಸೇರಿಸಿದರು.

ಮುಖ್ಯಸ್ಥೆ ಏನೋ ಯೋಚಿಸಿ, ಆಪರೇಟರ ಕುರ್ಚಿಯಲ್ಲಿ ಕುಳಿತರು. ಆಮೇಲೆ ದಡಕ್ಕನೆ ಎದ್ದು ಬಾಗಿಲ ಕಡೆ ನಾಲ್ಕು ಹೆಜ್ಜೆ ಓಡಿದರು. ಕೋಣೆಯ ಹಲಗೆಯ ನೆಲ ಬಳುಕಿತು, ಮೇಜು ಅಲುಗಿತು, ಸೂಜಿ ಎಲ್ಲರ ಕಣ್ಣೆದುರೇ ಗಡಗಡ ನಡುಗಿತು. ಹೊರಗಿನ ಗುದ್ದಾಟವೆಲ್ಲ ಓಣಿಯ ಕಲ್ಲುನೆಲದಲ್ಲೇ ಮುಗಿದಿತ್ತು, ಈ ಹಲಗೆಗೆ ತಲುಪಿರಲಿಲ್ಲ. ಬಿದ್ದ ಗೀಟೆಲ್ಲ ಆಪರೇಟರು ಬೈಯಲು ಎದ್ದು ಓಡಿದ್ದರ ಗುರುತು.

"ಮಾತು ಕೊಟ್ಟಿದೀನಿ, ನಿಮ್ಮ ಕೆಲಸ ಖಾಯಂ," ಎಂದರು ಮುಖ್ಯಸ್ಥೆ. "ಆದ್ರೆ ಬಾಗಿಲಾಚೆ. ನಾಳೆಯಿಂದ ಯಾರನ್ನೂ ಒಳಗೆ ಬಿಡ್ದೆ ಕಾಯ್ಬೇಕು. ಮೊದಲು ನಿಮ್ಮನ್ನೇ ಒಳಗೆ ಬಿಡ್ಬಾರ್ದು. ಸೂಜಿ ನೋಡ್ಕೊಳ್ಳೋಕೆ ಮೆತ್ತಗೆ ಓಡಾಡೋರು ಬೇಕು, ಅಕ್ಕನಿಗೆ ನಾನೇ ಹೇಳಿಕೊಡ್ತೀನಿ."

ಸ್ಟೋರಿನವರು ಆಗಲೇ ಓಡಿಹೋಗಿ ಒಂದು ಸ್ಟೂಲು ತಂದು ಓಣಿಯಲ್ಲಿ ಹಾಕಿದರು. ಆಪರೇಟರು ಅದರ ಮೇಲೆ ಧೊಪ್ಪನೆ ಕುಸಿದರು.

"ಶ್!" ಎಂದಳು ಅಕ್ಕ ಒಳಗಿನಿಂದ. "ಸ್ವಲ್ಪ ಮೆಲ್ಲಗೆ ಕೂತ್ಕೊಳ್ಳಿ ಸಾರ್."