ಕೆಂದಿಯ ಹೆರಿಗೆಗೆ ವಾಕಿಟಾಕಿ

“ಎಡಕ್ಕೆ ತಿರುಗಿ ಅಂದ್ರೆ ಬಲಕ್ಕೇ ತಿರುಗ್ತೀರಲ್ಲ?”

“ನಿನ್ನ ಎಡವೋ, ನನ್ನ ಎಡವೋ?”

ಉತ್ತರ ಕೊಡಲು ನಯನ ವಾಕಿಟಾಕಿಯ ಗುಂಡಿ ಒತ್ತಿದಳು. ಅತ್ತಲಿಂದ ಗಂಡನೂ ಅದೇ ಹೊತ್ತಿಗೆ ಒತ್ತಿದ. ಇಬ್ಬರ ಮಾತೂ ಗರಗರ ಎನ್ನುವ ಸದ್ದಿನಲ್ಲಿ ಕಲೆತುಹೋಯಿತು.

ಬನ್ನೂರಿನ ಆಚೆ, ನಾಲೆ ಏರಿಯ ಮೇಲೆ ಅವಳು ನಿಂತಿದ್ದಳು. ಎದುರಿಗೆ ಆಳಿಗಿಂತ ಎತ್ತರದ ಕಬ್ಬು. ಅದರೊಳಗೆಲ್ಲೋ ಗಂಡ ಮಲ್ಲಿಕಾರ್ಜುನ. ಅವನಿಗಿಂತ ಒಳಗೆಲ್ಲೋ, ಬೆಳಿಗ್ಗೆ ಹಗ್ಗ ಕಿತ್ತುಕೊಂಡು ಹೋದ ಹಸು ಕೆಂದಿ. ಚೊಚ್ಚಲ ಬಸಿರು, ದಿನ ತುಂಬಿತ್ತು.

ಅಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಬೆಟ್ಟ ಹತ್ತುವವರನ್ನು ಕರೆದೊಯ್ಯುವ ಕೆಲಸದಲ್ಲಿದ್ದ ಅವಳ ತಮ್ಮ ಮಧುಕುಮಾರ್, ನಂಜನಗೂಡಿನಿಂದ ಬಂದಾಗ ಹಳೆಯ ಎರಡು ವಾಕಿಟಾಕಿ ಕೊಟ್ಟುಹೋಗಿದ್ದ. ಒಂದು ಎಲ್ಲಿದೆ, ಎಷ್ಟು ದೂರದಲ್ಲಿದೆ ಎಂದು ಇನ್ನೊಂದರ ಪರದೆಯ ಮೇಲೆ ಬಾಣ ತೋರಿಸುತ್ತಿತ್ತು. ಸ್ವಂತ ಗದ್ದೆಯಲ್ಲಿ ಓಡಾಡಲು ಬಾಮೈದನ ಉಪಗ್ರಹ ಬೇಕೆ ಎಂದು ಮಲ್ಲಿಕಾರ್ಜುನ ಆರು ತಿಂಗಳು ಅದನ್ನು ಮುಟ್ಟಿರಲಿಲ್ಲ. ಈಗ ಕನ್ನಡಕ ಮನೆಯಲ್ಲಿ ಮರೆತು, ಪರದೆಯ ಬಾಣ ಕಾಣದೆ, ತನ್ನ ಕಬ್ಬಿನಲ್ಲೇ ಮೂರು ಸುತ್ತು ಹಾಕಿ, ಏರಿ ಯಾವ ಕಡೆ ಎಂದು ಹೆಂಡತಿಯನ್ನು ಕೇಳುತ್ತಿದ್ದ.

“ನೂರಿಪ್ಪತ್ತು ಮೀಟ್ರು ಇದ್ದದ್ದು ನೂರರವತ್ತಾಯ್ತು. ಹಿಂದಕ್ಕೆ ಹೋಯ್ತಾ ಇದ್ದೀರಿ.”

“ಮುಂದಕ್ಕೇ ನಡೀತಾ ಇವ್ನಿ ಕಣೆ. ನಿನ್ನ ತಮ್ಮನ ಮಿಷನ್ನು ಹಿಂದಕ್ಕೆ ನಡೀತಾ ಅದೆ.”

“ನನ್ನ ತಮ್ಮನ ಸುದ್ದಿ ಆಮೇಲೆ. ಮೊದ್ಲು ನಿಂತ್ಕಳಿ.”

ಹತ್ತು ನಿಮಿಷದ ಮೇಲೆ ವಾಕಿಟಾಕಿ ಮತ್ತೆ ಗರಗರ ಎಂದಿತು. ಗುಂಡಿ ಒತ್ತುವ ಮೊದಲೇ ಮಾತು ಶುರುಮಾಡುವುದು ಅವನ ಅಭ್ಯಾಸ. ಹಾಗಾಗಿ ಪ್ರತಿ ಮಾತಿನ ತಲೆಯೂ ಹಾರಿಹೋಗುತ್ತಿತ್ತು. ಈಗ ಬಂದದ್ದು ಇಷ್ಟೇ:

“…ಕಾಲು ಆಚೆಗೆ ಬಂದ್ಬುಟ್ಟದೆ.”

“ಎಲ್ಲಿ ಬಿದ್ರಿ? ಮುರೀತಾ?”

“…ದಲ್ಲ ಕಣೆ, ಕರುವಿಂದು. ಕೆಂದಿ ಮಲಗ್ಬುಟ್ಟದೆ.”

ಎರಡು ಗೊರಸು, ಮೂತಿಯ ತುದಿ ಕಾಣುತ್ತಿವೆ, ಆದರೆ ಆಗಿನಿಂದ ಒಂದು ಗೇಣೂ ಮುಂದೆ ಬರುತ್ತಿಲ್ಲ ಎಂದ. ಕೊಟ್ಟಿಗೆಯಲ್ಲಿ ಹಸು ಈಯುವಾಗಲೆಲ್ಲ ಏನೋ ಕೆಲಸದ ನೆಪದಲ್ಲಿ ಪೇಟೆಗೆ ಹೋಗಿಬಿಡುವವನು ಅವನು. ಜೋರಾಗಿ ಎಳೆಯಬೇಡಿ, ಬಿಟ್ಟು ಬರಲೂಬೇಡಿ ಎಂದು ಅವಳು ಹೇಳಿದಳು.

“ನೀನೇ ಬಾ ನಯನ. ನನ್ನ ಕೈಲಿ ಆಗಾಕಿಲ್ಲ.”

ಮದುವೆಯಾದ ಎಂಟು ವರ್ಷಗಳಲ್ಲಿ ಇಂಥ ಮಾತನ್ನು ಅವಳು ಅವನ ಬಾಯಿಂದ ಕೇಳಿರಲಿಲ್ಲ. ಸೆರಗು ಬಿಗಿದು ಕಬ್ಬಿಗೆ ನುಗ್ಗಿದಳು. ಬಾಣ ತೋರಿಸಿದ ಕಡೆಗೇ ನಡೆದಳು. ನೂರರವತ್ತು ತೊಂಬತ್ತಾಯಿತು, ನಲವತ್ತಾಯಿತು. ಗರಿಗಳು ಮುಖ ಗೀರಿದವು. ಹತ್ತಿರವಾದಂತೆ ವಾಕಿಟಾಕಿ ಇಲ್ಲದೆಯೇ ಗಂಡನ ದನಿ ಕೇಳಿಸತೊಡಗಿತು. “ತಡಿ ತಾಯಿ, ಬತ್ತಾವ್ಳೆ… ಬತ್ತಾವ್ಳೆ…” ಎಂದು ಅವನು ಕೆಂದಿಯ ಬೆನ್ನು ಸವರುತ್ತಿದ್ದ.

ನಯನ ಮಂಡಿಯೂರಿ ಅವನ ಹೆಗಲ ಟವೆಲನ್ನು ಗೊರಸುಗಳಿಗೆ ಸುತ್ತಿದಳು. ಕೆಂದಿ ತಿಣುಕಿದಾಗ ಎಳೆದಳು, ನಿಲ್ಲಿಸಿದಾಗ ನಿಲ್ಲಿಸಿದಳು. ಮೂರನೆಯ ಸಲಕ್ಕೆ ಕರು ಜಾರಿ ಹುಲ್ಲಿನ ಮೇಲೆ ಬಿತ್ತು. ಹೆಣ್ಣುಗರು. ಕೆಂದಿ ನೆಕ್ಕತೊಡಗಿತು. ಮಲ್ಲಿಕಾರ್ಜುನ ಕುಕ್ಕರುಗಾಲಲ್ಲಿ ಕೂತು ಕಣ್ಣು ಒರೆಸಿಕೊಂಡ. ಬೆವರು ಎಂದ.

ಕರು ಎದ್ದು ನಿಂತು ಹಾಲು ಕುಡಿದ ಮೇಲೆ ಅವನು ಅದನ್ನು ಎತ್ತಿಕೊಂಡ. ಯಾವ ಕಡೆ ಹೋಗಬೇಕೋ ನೋಡು ಎಂದ. ನಯನ ಪರದೆ ನೋಡಿದಳು. ಬಾಣ ಸುಮ್ಮನೆ ಗಿರಗಿರ ತಿರುಗುತ್ತಿತ್ತು. ದೂರ, ಸೊನ್ನೆ.

“ಏನಂತದೆ?”

“ಇದು ಗಂಡ ಎಲ್ಲವ್ನೆ ಅಂತ ತೋರ್ಸೋದಷ್ಟೆಯ,” ಎಂದು ಅವಳು ಅದನ್ನು ಅವನ ಜೇಬಿಗೆ ಹಾಕಿದಳು. ಕೆಂದಿ ಕಬ್ಬು ಮುರಿದುಕೊಂಡು ಬಂದಿದ್ದ ಜಾಡು ಪಕ್ಕದಲ್ಲೇ ಇತ್ತು. ಅದರ ಕಡೆಗೆ ಕೈ ತೋರಿಸಿದಳು.

“ಮನೆ ದಾರೀನ ಹಸು ಆಗ್ಲೇ ಮಾಡಿಕ್ಕದೆ. ನಡೀರಿ.”