ಕಂಪ್ಯೂಟರ್ ಹಿಡಿಯಲಿಲ್ಲ, ನಾನು ಬಿಡಲಿಲ್ಲ

ಮನೆಯಲ್ಲಿ ಒಂದು ವಸ್ತು ಕೆಟ್ಟರೆ ನನಗೆ ಅಂಥ ಚಿಂತೆಯೇನಿಲ್ಲ. ಕೆಟ್ಟಿದ್ದನ್ನು ರಿಪೇರಿಗೆ ಕೊಡಬಹುದು, ಹಳೇ ಸಾಮಾನಿನವನಿಗೆ ಹಾಕಬಹುದು, ಏನೂ ಆಗದಿದ್ದರೆ ಅಟ್ಟಕ್ಕೆ ಎಸೆದು ಮರೆಯಬಹುದು. ನನ್ನನ್ನು ನಿಜವಾಗಿ ಗೋಳು ಹೊಯ್ದುಕೊಳ್ಳುವುದು ಕೆಡದೆಯೇ ಕೆಲಸ ಮಾಡದ ವಸ್ತುಗಳು. ಕೊರಟಗೆರೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ನನಗೆ ಈ ಜಾತಿಯ ಮಕ್ಕಳ ಪರಿಚಯ ಚೆನ್ನಾಗಿದೆ. ಕಣ್ಣು ಬಿಟ್ಟುಕೊಂಡು ಎದುರಿಗೇ ಕೂತಿರುತ್ತವೆ, ಹೇಳಿದ್ದಕ್ಕೆಲ್ಲ ತಲೆ ಅಲ್ಲಾಡಿಸುತ್ತವೆ, ಪ್ರಶ್ನೆ ಕೇಳಿದರೆ ಮಾತ್ರ ಬಾಯಿ ಬಿಡುವುದಿಲ್ಲ. ಅಂಥ ಎಷ್ಟೋ ಮಕ್ಕಳ ಬಾಯಿ ಬಿಡಿಸಿದ್ದೇನೆಂಬ ಜಂಬ ನನಗಿತ್ತು. ಅಂಗೈಯಗಲದ ಒಂದು ಹಾರ್ಡ್ ಡಿಸ್ಕು, ಅದನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಅಡಾಪ್ಟರ್ ಎಂಬ ಗೇಣುದ್ದದ ವೈರು, ಎರಡೂ ಸೇರಿ ಆ ಜಂಬವನ್ನು ಇಳಿಸಲು ಬಹಳ ಪ್ರಯತ್ನಪಟ್ಟವು. ಕೊನೆಗೆ ಗೆದ್ದವಳು ನಾನೇ ಎಂದು ಮೊದಲೇ ಹೇಳಿಬಿಡುತ್ತೇನೆ, ನನಗೆ ತಡೆದುಕೊಳ್ಳಲು ಆಗುತ್ತಿಲ್ಲ.

ಆಗಿದ್ದಿಷ್ಟು. ನನ್ನ ತಮ್ಮನ ಮಗಳು ಚಂದನಾಳ ಮದುವೆ ಗೊತ್ತಾಯಿತು. ಗಂಡಿನವರು ಪಾವಗಡದ ಕಡೆ ಕ್ಯಾತಗಾನಚೆರ್ಲಿನವರು. ನಮ್ಮ ಮನೆಯಲ್ಲಿ ಮದುವೆ ಎಂದರೆ ಅರಿಶಿನ ಕುಟ್ಟುವ ಶಾಸ್ತ್ರದಿಂದಲೇ ಶುರು. ಮುತ್ತೈದೆಯರು ಒರಳಿಗೆ ಅರಿಶಿನದ ಕೊಂಬು ಹಾಕಿ ಒನಕೆ ಎತ್ತುತ್ತಾರೆ, ಪಕ್ಕದಲ್ಲಿ ಚಾಪೆ ಹಾಕಿಕೊಂಡು ನಮ್ಮವ್ವ ಸೋಬಾನೆ ಹಾಡುತ್ತಾಳೆ. ನನ್ನ ಮದುವೆಗೂ ಅವಳೇ ಹಾಡಿದ್ದು, ನನ್ನ ತಂಗಿಯರ ಮದುವೆಗೂ ಅವಳೇ. ಆ ಹಾಡು ಯಾವ ಪುಸ್ತಕದಲ್ಲೂ ಇಲ್ಲ. ಅವಳ ಅತ್ತೆಯಿಂದ ಅವಳಿಗೆ ಬಂದದ್ದು, ಅವಳಿಂದ ನಮಗೆ ಬರಬೇಕಾಗಿತ್ತು, ಬರಲಿಲ್ಲ. ಕಳೆದ ವರ್ಷ ಗಂಟಲಿನ ಆಪರೇಷನ್ ಆದ ಮೇಲೆ ಅವ್ವನ ದನಿಯೇ ಹೋಯಿತು. ಈಗ ಕಿವಿಯನ್ನು ಅವಳ ಬಾಯಿಯ ಹತ್ತಿರ ಒಯ್ದರೆ ಪಿಸುಮಾತು ಕೇಳಿಸುತ್ತದೆ, ಅಷ್ಟೇ. ಡಾಕ್ಟರಿಗೆ ತೋರಿಸಿಕೊಂಡು ಬರಲು ಅನುಕೂಲ ಅಂತ ಮಧುಗಿರಿಯಲ್ಲಿ ನಮ್ಮ ಮನೆಯಲ್ಲೇ ಇದ್ದಾಳೆ.

ಚಂದನಾ ಬಂದವಳೇ ಪಟ್ಟು ಹಿಡಿದಳು. "ಅಜ್ಜಿ ಹಾಡಿಲ್ದೆ ನಂಗೆ ಅರಿಶಿನ ಕುಟ್ಟೋ ಶಾಸ್ತ್ರನೇ ಬ್ಯಾಡ ಅತ್ತೆ. ಫೋನಲ್ಲಿ ಯಾವ್ದೋ ಹಾಡು ಹಾಕ್ಬುಡನ ಅಂದ್ರೆ ನಾನು ಎದ್ದೋಗ್ತೀನಿ ನೋಡಿ." ಆಗ ನನಗೆ ನೆನಪಾಯಿತು. ಅವ್ವನ ಹಾಡನ್ನು ಒಮ್ಮೆ ನಮ್ಮ ಹಳೇ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿದ್ದೆ! ಹಾಗೆಂದು ಬಾಯಿಬಿಟ್ಟದ್ದೇ ತಡ, ಅವ್ವ ನನ್ನ ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು. "ನನ್ ದನಿ ನಂಗೇ ಮರ್ತೋಗೈತೆ ಕಣೆ. ಒಂದ್ಸಲ ಕೇಳಂಗೆ ಮಾಡು," ಎಂದು ಕಿವಿಯಲ್ಲಿ ಹೇಳಿದಳು. "ಮದ್ವೆ ಒಳಗೆ ಕೇಳಿಸ್ತೀನಿ ಕಣವ್ವ, ನೀನು ಸುಮ್ನಿರು," ಎಂದುಬಿಟ್ಟೆ. ಸಮಾಜ ವಿಜ್ಞಾನದವರು ಇಂಥ ವಾಗ್ದಾನ ಕೊಡುವ ಮೊದಲು ಸ್ವಲ್ಪ ವಿಜ್ಞಾನವನ್ನೂ ಓದಿಕೊಂಡಿರಬೇಕು.

ಆ ಹಳೇ ಕಂಪ್ಯೂಟರ್ ಯಾವುದೋ ಮಳೆಗಾಲದ ಸಿಡಿಲಿಗೆ ಸುಟ್ಟುಹೋಗಿತ್ತು. ನೋಡಲು ಬಂದ ರಿಪೇರಿಯವನು ಅದರ ಹೊಟ್ಟೆಯಿಂದ ಹಾರ್ಡ್ ಡಿಸ್ಕನ್ನು ಬಿಚ್ಚಿ, "ಎಲ್ಲಾ ಇದ್ರಲ್ಲೇ ಇರೋದು ಸಾರ್, ಜೋಪಾನ," ಎಂದು ನಮ್ಮ ಯಜಮಾನರ ಕೈಗಿಟ್ಟಿದ್ದ. ನಮ್ಮ ಯಜಮಾನರು ರುದ್ರೇಶಪ್ಪನವರಿಗೆ ಜೋಪಾನ ಎಂದು ಒಂದು ಸಲ ಹೇಳಿದರೆ ಮುಗಿಯಿತು. ಅದನ್ನು ಮಡಿಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿ ನನ್ನ ಒಡವೆಯ ಪಕ್ಕದಲ್ಲಿ ಇಟ್ಟಿದ್ದರು. ಆಯುಧಪೂಜೆಯ ದಿನ ಮಾತ್ರ ಮಚ್ಚು, ಕುಡುಗೋಲು, ಸ್ಕೂಟರು, ಮಿಕ್ಸಿಗಳ ಜೊತೆ ಅದಕ್ಕೂ ಹೊರಗೆ ಬರುವ ಭಾಗ್ಯ. ಒಡವೆ ಹಾಕಿಕೊಳ್ಳಲು ನನಗೇ ವರ್ಷಕ್ಕೊಮ್ಮೆ ಅವಕಾಶ ಸಿಗುವ ಮನೆಯಲ್ಲಿ ಅದು ಹೆಚ್ಚೇ ಆಯಿತು.

ಮೊದಲು ಆನ್‌ಲೈನಿನಲ್ಲಿ ಒಂದು ಅಡಾಪ್ಟರ್ ತರಿಸಿದೆ. ಒಂದು ತುದಿ ಡಿಸ್ಕಿಗೆ, ಇನ್ನೊಂದು ತುದಿ ಲ್ಯಾಪ್‌ಟಾಪಿಗೆ. ಚುಚ್ಚಿದೆ. ಡಿಸ್ಕು ಕಮಕ್ ಕಿಮಕ್ ಅನ್ನಲಿಲ್ಲ. ಶಿರಾದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಶಫಿ ನನಗೆ ಪರಿಚಯ, ಅವನಿಗೆ ಫೋನ್ ಮಾಡಿದೆ. "ಅಕ್ಕಾ, ನಿಮ್ದು ಡೆಸ್ಕ್‌ಟಾಪಿನ ದೊಡ್ಡ ಡಿಸ್ಕು. ಅದಕ್ಕೆ ಯುಎಸ್‌ಬಿ ಕರೆಂಟು ಸಾಲಲ್ಲ. ಗೋಡೆಗೆ ಹಾಕೋ ಪವರ್ ಡಬ್ಬಿ ಇರೋ ಅಡಾಪ್ಟರೇ ಬೇಕು. ಬನ್ನಿ, ನನ್ ಹತ್ರ ಐತೆ," ಎಂದ. ಭಾನುವಾರ ಶಿರಾ ಬಸ್ ಹತ್ತಿ ಹೋಗಿ ತಂದೆ. ಈ ಸಲ ಡಬ್ಬಿಯ ದೀಪ ಹತ್ತಿತು. ಡಿಸ್ಕು ಗುಂಯ್ ಎಂದು ತಿರುಗತೊಡಗಿತು. ಅವ್ವ ಎರಡೂ ಕೈ ಮುಗಿದಳು. ಆದರೆ ಲ್ಯಾಪ್‌ಟಾಪಿನ ಪರದೆಯ ಮೇಲೆ ಏನೂ ಇಲ್ಲ. ಡಿಸ್ಕು ತಿರುಗುತ್ತಿದೆ, ಬೆಚ್ಚಗಾಗುತ್ತಿದೆ, ಮಾತು ಮಾತ್ರ ಆಡುತ್ತಿಲ್ಲ. ನಾನು ಹೇಳಿದೆನಲ್ಲ, ಅದೇ ಜಾತಿ.

ನಾನು ಬಿಡಲಿಲ್ಲ. ಎಡಗಡೆ ತೂತು, ಬಲಗಡೆ ತೂತು ಎಲ್ಲದಕ್ಕೂ ಚುಚ್ಚಿದೆ. ಲ್ಯಾಪ್‌ಟಾಪನ್ನು ಆರಿಸಿ ಹಚ್ಚಿದೆ. ಶಫಿ ಫೋನಿನಲ್ಲಿ ಹೇಳಿಕೊಟ್ಟಂತೆ ಡಿಸ್ಕುಗಳ ಪಟ್ಟಿ ತೋರಿಸುವ ಕಿಟಕಿ ತೆರೆದೆ, ಅಲ್ಲೂ ಅದರ ಸುಳಿವಿಲ್ಲ. ಯಜಮಾನರು ಹಿಂದೆ ನಿಂತು, "ನಿಧಾನಕ್ಕೆ ಮಾಡೆ, ಹೊಸಾ ಜಾಗ, ಹೊಂದ್ಕೊಬೇಕಲ್ಲ," ಎಂದು ಡಿಸ್ಕಿನ ಪರ ವಹಿಸಿದರು. ಮುಂದಿನ ಭಾನುವಾರ ಅಡಾಪ್ಟರನ್ನು ಚೀಲಕ್ಕೆ ಹಾಕಿಕೊಂಡು ಮತ್ತೆ ಶಿರಾಕ್ಕೆ ಹೋದೆ. ಶಫಿ ತನ್ನದೊಂದು ಡಿಸ್ಕನ್ನು ಅದಕ್ಕೆ ಸಿಕ್ಕಿಸಿದ. ಅರೆ, ಚುಚ್ಚಿದ ತಕ್ಷಣ ಟಿಂಗ್ ಅನ್ನಬೇಕೆ! "ಬಿಲ್ಕುಲ್ ಠೀಕ್ ಐತಲ್ಲಕ್ಕಾ," ಎಂದು ನನ್ನ ಮುಖ ನೋಡಿದ. ನಮ್ಮ ಮನೆಯಲ್ಲಿ ಮೂಗಿ, ಪರರ ಮನೆಯಲ್ಲಿ ವಾಚಾಳಿ! "ಡಿಸ್ಕ್ ತಂದ್ಬುಡಿ, ನೋಡೇಬುಡನ," ಎಂದ. ಅದಕ್ಕೆ ಅವ್ವ ಒಪ್ಪಬೇಕಲ್ಲ. ಬಟ್ಟೆಗಂಟನ್ನು ಮಡಿಲಲ್ಲಿಟ್ಟುಕೊಂಡು, "ಬಸ್ಸಿನ ನೂಕಾಟದಾಗೆ ಎಲ್ಲಾರ ಬಿತ್ತು ಅಂದ್ರೆ? ನನ್ ದನಿ ಅದ್ರಾಗೈತೆ, ಬ್ಯಾಡ," ಎಂದು ಗಟ್ಟಿಯಾಗಿ ಪಿಸುಗುಟ್ಟಿದಳು. ಭಯ ನನಗೂ ಇತ್ತು. ಹಾಡು ಇದ್ದದ್ದು ಅದೊಂದರಲ್ಲೇ.

ಅಲ್ಲಿಂದ ನಾನು ಅಡಾಪ್ಟರನ್ನು ಬಿಟ್ಟು ಓಡಾಡಲಿಲ್ಲ. ಕೊರಟಗೆರೆಗೆ ಹೋಗುವ ಬಸ್ಸಿನಲ್ಲಿ ಅದನ್ನು ತೆಗೆದು ತಿರುಗಿಸಿ ತಿರುಗಿಸಿ ನೋಡುತ್ತಿದ್ದರೆ ಕಂಡಕ್ಟರು, "ಏನ್ ಮಿಸ್, ಬೀಪಿ ನೋಡ್ಕೊಳದಾ?" ಎಂದು ಕೇಳಿದ. ಹೆಚ್ಚೂಕಡಿಮೆ ಹಾಗೇ ಆಗಿತ್ತು ಬಿಡಿ. ಪಕ್ಕದ ಸೀಟಿನ ಹೆಂಗಸು ಸ್ವಲ್ಪ ಹೊತ್ತು ಬಿಸಿಲಿಗಿಡಿ ಎಂದಳು. ಹಿಂದಿನ ಸೀಟಿನವರು ಅಕ್ಕಿ ಡಬ್ಬಿಯಲ್ಲಿ ಹೂತಿಡಿ ಎಂದರು. ಬೀಗಿತ್ತಿ ನಾಗರತ್ನಮ್ಮ, ಅಂದರೆ ಗಂಡಿನ ತಾಯಿ, ಪಾವಗಡದ ಕಡೆಯಿಂದ ಫೋನಿನಲ್ಲೇ ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ಪರಿಹಾರ ಕೊಟ್ಟರು. ಅವರ ಜಮೀನಿನಲ್ಲಿ ಈಗ ಸೋಲಾರ್ ಹಲಗೆಗಳು ಮಲಗಿವೆ, ಅದರ ಹೆಮ್ಮೆ ಬೇರೆ. "ಕರೆಂಟು ಸಾಲ್ತಿಲ್ವಾ? ಅಯ್ಯೋ, ಊರಿಗೆಲ್ಲಾ ಕರೆಂಟು ಕೊಡೋರೇ ಮೇಮು ಕದಮ್ಮಾ! ಇಲ್ಲಿಗೆ ತಂದ್ಬುಡಿ," ಎಂದರು. ನಾನು ಎಲ್ಲರಿಗೂ ಹೂಂ ಅಂದೆ, ಒಳಗೊಳಗೆ ಕುದಿಯುತ್ತಿದ್ದೆ. ಮದುವೆ ಹತ್ತಿರ ಬರುತ್ತಿತ್ತು. ಅವ್ವ ಬಾಯಿಬಿಟ್ಟು ಏನೂ ಕೇಳುತ್ತಿರಲಿಲ್ಲ, ನಾನು ಶಾಲೆಯಿಂದ ಬಂದ ಕೂಡಲೇ ಒಮ್ಮೆ ನನ್ನ ಮುಖ, ಒಮ್ಮೆ ಲ್ಯಾಪ್‌ಟಾಪು ನೋಡುತ್ತಿದ್ದಳು. ಅದಕ್ಕಿಂತ ಅವಳು ನಾಲ್ಕು ಬೈದಿದ್ದರೆ ವಾಸಿಯಾಗಿತ್ತು.

ಒಂದು ಸೋಮವಾರ ಸರ್ಕಾರಿ ರಜೆ ಇತ್ತು. ಸ್ನಾನ ಮುಗಿಸಿ ದೇವರ ಮನೆಯ ಮುಂದೆ ಹಾದುಹೋಗುತ್ತಿದ್ದವಳು ಒಳಗೆ ಕಂಡದ್ದನ್ನು ನೋಡಿ ನಿಂತುಬಿಟ್ಟೆ. ಶಿವನ ಫೋಟೋದ ಮುಂದೆ ತಟ್ಟೆ, ತಟ್ಟೆಯಲ್ಲಿ ನನ್ನ ಅಡಾಪ್ಟರು! ಯಜಮಾನರು ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇದು ಮೂರು ಬೆರಳಿಗೆ ಹಚ್ಚಿಕೊಂಡು ಅಡಾಪ್ಟರಿನ ಬಾಯಿಯ ಮೇಲೆಯೇ ಎಳೆಯಲು ಹೊರಟಿದ್ದರು.

"ರೀ! ಏನ್ ಮಾಡ್ತಿದೀರಾ?"

"ಹೊಸಾ ಸಾಮಾನು ತಂದು ಪೂಜೆ ಇಲ್ದೆ ಚುಚ್ಚಿದ್ರೆ ಹೆಂಗೆ ಹಿಡಿತದೆ? ಹಾರ್ಡ್ ಡಿಸ್ಕ್ ನೋಡು, ವರ್ಷಾ ವರ್ಷಾ ಆಯುಧಪೂಜೇಲಿ ವಿಭೂತಿ ಕಂಡೈತೆ. ಇದುಕ್ಕೆ ಆಗಿಲ್ಲ. ಅದುಕ್ಕೇ ಎರಡೂ ಹೊಂದ್ಕೊತಾ ಇಲ್ಲ."

"ಡಿಸ್ಕಿಗೆ ಎಲ್ಲಿ ಹಚ್ತಿದ್ರಿ?"

"ಇನ್ನೆಲ್ಲಿ, ಹಣೆಗೆ."

"ಅದ್ರ ಹಣೆ ಎಲ್ಲೈತ್ರೀ?"

"ಚಿನ್ನದ ಹಲ್ಲು ಅದಾವಲ್ಲ, ಆ ಕಡೆಗೆ ಮುಖ. ಮುಖ ಇದ್ದ ಕಡೆ ತಾನೆ ಹಣೆ?"

ಅವ್ವನ ಮಡಿಲಿನಿಂದ ಗಂಟು ಕಿತ್ತುಕೊಂಡೆ, ಕನ್ನಡಕ ಏರಿಸಿದೆ, ಮೊಬೈಲಿನ ಟಾರ್ಚ್ ಹಾಕಿದೆ. ಪವರ್ ಹೋಗುವ ಉದ್ದನೆಯ ಭಾಗದಲ್ಲಿ ಹಲ್ಲುಗಳು ಅಲ್ಲಲ್ಲಿ ಮಿನುಗುತ್ತಿದ್ದವು. ಪಕ್ಕದಲ್ಲಿ ಮಾಹಿತಿ ಹಾದುಹೋಗುವ ಗಿಡ್ಡ ಭಾಗವಿದೆಯಲ್ಲ, ಅದರ ಸಂದಿಯಲ್ಲಿ ವರ್ಷಗಳ ವಿಭೂತಿ ಸುಣ್ಣದಂತೆ ಗಟ್ಟಿಯಾಗಿ ಕೂತಿತ್ತು. ಮೇಲೆ ಒಂದಿಷ್ಟು ಗಂಧ, ಕುಂಕುಮ. ಕರೆಂಟು ಹೇಗೋ ನುಸುಳಿ ಹೋಗುತ್ತಿತ್ತು, ಅದಕ್ಕೇ ತಿರುಗುತ್ತಿತ್ತು. ಮಾತಿಗೆ ದಾರಿಯೇ ಇರಲಿಲ್ಲ! ನಾನು ಇಷ್ಟು ದಿನ ಬಿಳಿ ಬಣ್ಣ ಕಂಪನಿಯವರೇ ಬಳಿದದ್ದು ಅಂದುಕೊಂಡಿದ್ದೆ. ಅವ್ವನ ಔಷಧಿ ಡಬ್ಬಿಯಿಂದ ಸ್ಪಿರಿಟ್ ತಂದೆ, ಹೊಸ ಹಲ್ಲುಜ್ಜುವ ಬ್ರಷ್ಷಿನ ಪ್ಯಾಕ್ ಒಡೆದೆ, ನೆಲದ ಮೇಲೆ ಕೂತು ಮಗುವಿನ ಹಲ್ಲು ಉಜ್ಜಿದಷ್ಟು ಮೆತ್ತಗೆ ಉಜ್ಜಿದೆ. ಉಜ್ಜಿದಷ್ಟೂ ಬಿಳಿ ನೀರು ಇಳಿಯಿತು. ಹಲ್ಲುಗಳೆಲ್ಲ ಫಳಫಳ ಎಂದವು. ಒಣಗಲು ಫ್ಯಾನಿನ ಕೆಳಗಿಟ್ಟು, ಕಾಯುವಷ್ಟು ಹೊತ್ತು ಉಗುರು ಕಚ್ಚಿಕೊಂಡೆ. ಆಮೇಲೆ ಉಸಿರು ಹಿಡಿದು ಚುಚ್ಚಿದೆ.

ಟಿಂಗ್!

ನಾನು ಕಿರುಚಿದ್ದು ಮೂರನೇ ಮನೆಗೆ ಕೇಳಿಸಿತಂತೆ. ಹಿಡೀತು! ಪರದೆಯ ಮೇಲೆ ಹೊಸ ಡ್ರೈವು ಬಂದು ಕೂತಿತ್ತು. ಹೊಸ ಫೋಲ್ಡರ್, ಅದರೊಳಗೆ ಇನ್ನೊಂದು ಹೊಸ ಫೋಲ್ಡರ್ ಎಂದು ನಾನೇ ಹಿಂದೆ ಕಟ್ಟಿದ್ದ ಚಕ್ರವ್ಯೂಹವನ್ನು ದಾಟಿ ಒಳಗೆ ಹೋದೆ, 'ಅವ್ವನ ಹಾಡು' ಸಿಕ್ಕಿತು. ಮಂಗಳಾರತಿಯ ತಟ್ಟೆ ಹಿಡಿದು ಬಂದ ಯಜಮಾನರು, "ನೋಡಿದ್ಯಾ, ಅಡಾಪ್ಟರಿಗೆ ವಿಭೂತಿ ಹಚ್ಚೋಕೆ ಕೈ ಇಟ್ಟಿದ್ದೇ ತಡ, ಹಿಡ್ಕೊಂಬುಡ್ತು," ಎಂದರು. ಜಗಳ ಆಡಬಹುದಾಗಿತ್ತು. ಆದರೆ ಅಷ್ಟು ಸಂತೋಷದಲ್ಲಿ ನನಗೆ ಜಗಳವೇ ಬರಲಿಲ್ಲ.

ಹಾಡು ಹಾಕಿದೆ. ಒನಕೆ ಕುಟ್ಟುವ ಸದ್ದಿಲ್ಲದಿದ್ದರೆ ಅವ್ವನಿಗೆ ಪದ ಬರುತ್ತಿರಲಿಲ್ಲ, ಹಾಗಾಗಿ ಅವತ್ತು ಕಂಪ್ಯೂಟರಿನ ಮೈಕನ್ನು ಅಡುಗೆಮನೆಗೆ ಎಳೆದು ಕುಟ್ಟಾಣಿ ಕೊಟ್ಟು ಹಾಡಿಸಿದ್ದೆ. ದುಡುಕ್ ದುಡುಕ್ ಎನ್ನುವ ಕುಟ್ಟಾಣಿಯ ಸದ್ದು, ಅದರ ಮೇಲೆ ತುಂಬಿದ ಗಟ್ಟಿ ದನಿ. ಅವ್ವ ಸೆರಗು ಬಾಯಿಗಿಟ್ಟುಕೊಂಡಳು. ತುಟಿ ಪದಗಳನ್ನು ಹಿಂಬಾಲಿಸುತ್ತಿತ್ತು, ಕೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ನಾನು ಗೊಳೋ ಎಂದು ಅತ್ತುಬಿಟ್ಟೆ, ನಾಚಿಕೆಯೇನಿಲ್ಲ. ನಡುವೆ ಅವ್ವ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಇನ್ನೊಂದು ದನಿ ಬಂತು. ಕಾಗೆಯಂಥ ದನಿ. "ಅವ್ವಾ, ಸಾರಿಗೆ ಉಪ್ಪು ಹಾಕಿದ್ಯೇನವ್ವಾ?" ಅದು ನಾನು! ಹಾಡಿಸುತ್ತಲೇ ಅಡುಗೆಯನ್ನೂ ವಿಚಾರಿಸಿದ್ದೆ. ಹಾಡಿನಲ್ಲಿದ್ದ ಅವ್ವ ಉತ್ತರ ಕೊಡದೆ ಮುಂದಿನ ನುಡಿಗೆ ಹೋಗಿದ್ದಳು. ನಾನು ಬಿಡುವ ಪೈಕಿಯೇ? ಮುಂದಿನ ನುಡಿಯ ಕೊನೆಯಲ್ಲೂ ಅದನ್ನೇ ಕೇಳಿದ್ದೆ, ಅದರ ಮುಂದಿನದರಲ್ಲೂ. ಈಗ ಅವ್ವ ಸದ್ದಿಲ್ಲದೆ ಮೈ ಕುಲುಕಿಸಿ ನಕ್ಕು ನನ್ನ ತಲೆಗೆ ಮೊಟಕಿದಳು.

ಅದನ್ನು ಕತ್ತರಿಸಿ ತೆಗೆಸಬೇಕೆಂದು ನಾನು ಶಫಿಗೆ ಫೋನ್ ಮಾಡುವಷ್ಟರಲ್ಲಿ ಚಂದನಾ ಹಾಡನ್ನು ತನ್ನ ಗೆಳತಿಯರಿಗೂ ಬೀಗರ ಕಡೆಯ ಹೆಂಗಸರಿಗೂ ಕಳಿಸಿಯಾಗಿತ್ತು, ಎಲ್ಲರೂ ಕಲಿತು ಬರಲಿ ಅಂತ. ಕಲಿತೇ ಬಂದರು. ಶಾಸ್ತ್ರದ ದಿನ ಚಪ್ಪರದ ಕೆಳಗೆ ಒರಳು ಇಟ್ಟರು, ಸ್ಪೀಕರಿನಲ್ಲಿ ಅವ್ವನ ದನಿ ಎದ್ದಿತು, ಒನಕೆಗಳು ಬಿದ್ದವು. ಮೊದಲ ನುಡಿ ಮುಗಿಯಿತೋ ಇಲ್ಲವೋ, ಅಷ್ಟೂ ಹೆಂಗಸರು ಒಂದೇ ಕೊರಳಿನಲ್ಲಿ ಪಲ್ಲವಿಯಂತೆ ಎತ್ತಿಕೊಂಡರು. "ಅವ್ವಾ, ಸಾರಿಗೆ ಉಪ್ಪು ಹಾಕಿದ್ಯೇನವ್ವಾ?" ನನ್ನ ಧಾಟಿ, ನನ್ನ ಎಳೆತ, ಸ್ವಲ್ಪವೂ ಬಿಟ್ಟಿರಲಿಲ್ಲ! ನಾಗರತ್ನಮ್ಮನವರಂತೂ ಕಣ್ಣು ಮುಚ್ಚಿಕೊಂಡು ಹಾಡಿ, ಮುಗಿದ ಮೇಲೆ ನನ್ನ ಕಡೆ ಬಾಗಿ, "ಅತ್ತೆ ಸೊಸೇನ ಹಂಗಿಸೋ ಆ ಉಪ್ಪಿನ ಸೊಲ್ಲು ಐತಲ್ಲ, ಚಾಲಾ ಬಾಗುಂದಿ ಬೀಗಮ್ಮಾ. ಎಷ್ಟು ಹಳೇದಿರಬೋದು?" ಎಂದು ಕೇಳಿದರು. "ಬಹಳ ಹಳೇದು," ಎಂದೆ. ಇಷ್ಟು ವರ್ಷ ಪಾಠ ಹೇಳಿದರೂ ನನ್ನ ಒಂದು ವಾಕ್ಯವನ್ನೂ ತಪ್ಪಿಲ್ಲದೆ ಒಪ್ಪಿಸದ ಈ ಜಗತ್ತು ಕೊನೆಗೂ ನನ್ನ ಮಾತನ್ನು ಬಾಯಿಪಾಠ ಮಾಡಿತ್ತು. ನಾನು ತಲೆಯೆತ್ತಿ ಕೂತೆ.

ಎರಡನೇ ನುಡಿಗೂ ಅವರೆಲ್ಲ ಅದನ್ನೇ ಕೇಳಿದಾಗ ಅವ್ವ ನನ್ನ ಸೆರಗು ಜಗ್ಗಿದಳು. ಕಿವಿ ಕೊಟ್ಟೆ.

"ಅವತ್ತು ಹಾಕಿರ್ಲಿಲ್ಲ ಕಣೆ," ಎಂದಳು. "ನೀನು ಬಡ್ಕಳದು ಕೇಳುಸ್ತು. ಎದ್ರೆ ಪದ ತಪ್ಪೋಗ್ತದೆ ಅಂತ ಸುಮ್ಕಾದೆ. ಆಮ್ಯಾಕೆ ಮರ್ತೇಬುಟ್ಟೆ. ನೀನು ಇಂಥಾ ಸಾರು ಯಾವತ್ತೂ ತಿಂದಿಲ್ಲ ಅಂತ ಎರಡು ಸಲ ಹಾಕುಸ್ಕೊಂಡು ತಿಂದೆ."